ಪಡುವಣ ಗೋಡೆಗೆ ಎಷ್ಟು ಶೀಟು ಬೇಕು?

ಮೇ ತಿಂಗಳು ಬಂತೆಂದರೆ ಲಿಂಗನಮಕ್ಕಿ ಹಿನ್ನೀರಿನಾಚೆಯ ಬ್ಯಾಕೋಡು-ತುಮರಿ ಸೀಮೆಯಲ್ಲಿ ಮನೆಗೆ ತಟ್ಟಿ ಕಟ್ಟುವ ತಯಾರಿ. ಬಿದಿರಿನ ಗಳಕ್ಕೆ ಅಡಿಕೆ ದಬ್ಬೆ ಅಡ್ಡ ಬಿಗಿದು, ಅದಕ್ಕೆ ಒಣಗಿದ ಸೋಗೆಯನ್ನು ಕೆಳಗಿನಿಂದ ಸಾಲುಸಾಲಾಗಿ ಸಿಕ್ಕಿಸುತ್ತ ಹೋಗುತ್ತಾರೆ. ಮೇಲಿನ ಸಾಲಿನ ತುದಿ ಕೆಳಗಿನ ಸಾಲಿನ ಬೆನ್ನ ಮೇಲೆ ಬೀಳಬೇಕು. ಸೂರಿನಿಂದ ಇಳಿಬಿಟ್ಟರೆ ಗೋಡೆಗೆ ಮಳೆಗಾಲದ ಅಂಗಿ ತೊಡಿಸಿದಂತೆ. ದೀಪಾವಳಿ ಹೊತ್ತಿಗೆ ಬಿಚ್ಚಿದರೆ ಸೋಗೆ ಬಚ್ಚಲೊಲೆಗೋ ತೋಟದ ಬುಡಕ್ಕೋ ಸೇರುತ್ತದೆ. ತೋಟವಿದ್ದವರಿಗೆ ಸಾಮಾನು ಬಿಟ್ಟಿ, ಆದರೆ ಕಟ್ಟಲು ಆಳು ಸಿಗುವುದಿಲ್ಲ. ಹಾಗಾಗಿ ಈಗ ಬಹಳ ಮಂದಿ ತಗಡಿನ ಶೀಟಿನ ಕಡೆ ತಿರುಗಿದ್ದಾರೆ. ಶೀಟಿನವರಿಗೆ ಫೋನು ಮಾಡಿ ಕೇಳುವುದು ಒಂದೇ ಮಾತು: ‘ನಮ್ಮದು ಹತ್ತು ಚದರದ ಮನೆ, ಎಷ್ಟಾಗುತ್ತೆ ಹೇಳಿ ಮಾರಾಯ್ರೆ.’

ಈ ಪ್ರಶ್ನೆಗೆ ಉತ್ತರವಿಲ್ಲ. ಹತ್ತು ಚದರ ಎಂಬುದು ನೆಲದ ಅಳತೆ, ಮಳೆ ಹೊಡೆಯುವುದು ಗೋಡೆಗೆ. ಅದೂ ನಾಲ್ಕು ಗೋಡೆಗೂ ಒಂದೇ ಸಮ ಹೊಡೆಯುವುದಿಲ್ಲ.

ಎರಚಲು ಹೇಗೆ ಹುಟ್ಟುತ್ತದೆ ನೋಡಿ. 3 ಮಿ.ಮೀ. ದಪ್ಪದ ಹನಿ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ಇಳಿಯುತ್ತದೆ. 1 ಮಿ.ಮೀ. ಹನಿಯ ವೇಗ ಅದರ ಅರ್ಧ, ಸುಮಾರು 4 ಮೀಟರ್. ಗಾಳಿ ಮಾತ್ರ ಎರಡನ್ನೂ ಒಂದೇ ವೇಗದಲ್ಲಿ ಪಕ್ಕಕ್ಕೆ ತಳ್ಳುತ್ತದೆ. ಸೆಕೆಂಡಿಗೆ 8 ಮೀಟರ್ ಗಾಳಿ ಬೀಸುತ್ತಿದೆ ಎಂದಿಟ್ಟುಕೊಳ್ಳಿ. ದಪ್ಪ ಹನಿ ಒಂದು ಅಡಿ ಇಳಿಯುವಷ್ಟರಲ್ಲಿ ಒಂದು ಅಡಿ ಓರೆಯಾಗುತ್ತದೆ, ಸಣ್ಣ ಹನಿ ಎರಡು ಅಡಿ. ಮೂರು ಅಡಿ ಹೊರಚಾಚಿದ ಸೂರು ದಪ್ಪ ಹನಿಯಿಂದ ಗೋಡೆಯ ಮೇಲಿನ ಮೂರು ಅಡಿಯನ್ನು ಕಾಯುತ್ತದೆ, ಸಣ್ಣ ಹನಿಯಿಂದ ಬರೇ ಒಂದೂವರೆ ಅಡಿಯನ್ನು. ಅಬ್ಬರಿಸಿ ಹೋಗುವ ಗುಡುಗಿನ ಮಳೆಗಿಂತ, ಆರಿದ್ರಾ-ಪುನರ್ವಸುವಿನಲ್ಲಿ ಗಾಳಿಯ ಜೊತೆ ದಿನಗಟ್ಟಲೆ ಸುರಿಯುವ ಜಡಿಮಳೆ ಸೂರಿನಡಿಗೆ ಹೆಚ್ಚು ನುಗ್ಗುವುದು ಇದರಿಂದಲೇ. ಮುಂಗಾರಿನ ಗಾಳಿ ಬರುವುದು ನೈಋತ್ಯದಿಂದ, ಅರಬ್ಬಿ ಸಮುದ್ರದ ಕಡೆಯಿಂದ. ಪೆಟ್ಟು ತಿನ್ನುವುದು ಪಡುವಣ ಗೋಡೆ ಮತ್ತು ತೆಂಕಣ ಗೋಡೆ. ಮನೆಯ ಪಡುವಣಕ್ಕೆ ಒತ್ತಾಗಿ ಅಡಿಕೆ ತೋಟವಿದ್ದರೆ ಗಾಳಿ ಅಲ್ಲೇ ಮುರಿಯುತ್ತದೆ. ಹಿನ್ನೀರಿನ ಬಯಲಿಗೆ ಮುಖ ಮಾಡಿದ ಮನೆಗೆ ಆ ಭಾಗ್ಯವಿಲ್ಲ.

ಗೋಡೆ ಒದ್ದೆಯಾದರೆ ಏನಂತೆ ಎಂದು ಕೇಳಬಹುದು. ನಮ್ಮ ಹಳೆಯ ಗೋಡೆಗಳು ಮಣ್ಣಿನವು, ಇಲ್ಲವೇ ಜಂಬಿಟ್ಟಿಗೆಯವು. ಜಂಬಿಟ್ಟಿಗೆ ಎಂದರೆ 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಲ್ಯಾಟರೈಟ್ ಎಂದು ಹೆಸರಿಟ್ಟ ಕಲ್ಲು. ಕಡಿಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ, ಆದರೆ ಮೈತುಂಬ ತೂತು. ಆ ಸೂಕ್ಷ್ಮ ರಂಧ್ರಗಳು ನೀರನ್ನು ತಾವಾಗಿಯೇ ಒಳಕ್ಕೆ ಹೀರುತ್ತವೆ. ಬಯಲುಸೀಮೆಯಲ್ಲಾದರೆ ಮಳೆ ನಿಂತ ಎರಡು ದಿನಕ್ಕೆ ಹೀರಿದ್ದು ಆರಿಹೋಗುತ್ತಿತ್ತು. ಆದರೆ ಆಗುಂಬೆ, ಹುಲಿಕಲ್ಲುಗಳನ್ನು ಪಕ್ಕದಲ್ಲಿಟ್ಟುಕೊಂಡ ಸೀಮೆ ಇದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ. ಗಾಳಿಯೇ ನೀರು ಕುಡಿದು ನಿಂತಿರುವಾಗ ಗೋಡೆಯ ನೀರನ್ನು ಅದು ತೆಗೆದುಕೊಳ್ಳುವುದಿಲ್ಲ. ಜೂನಿನಲ್ಲಿ ನೆನೆದ ಗೋಡೆ ಸೆಪ್ಟೆಂಬರಿನವರೆಗೂ ಹಸಿ. ಒಳಗಡೆ ಬೂಷ್ಟು, ಸುಣ್ಣ ಪದರಪದರವಾಗಿ ಏಳುವುದು, ಮಣ್ಣಿನ ಗೋಡೆಯಾದರೆ ಬುಡ ಕುಸಿಯುವುದು.

ಹಾಗೆಂದು ಶೀಟನ್ನು ಗೋಡೆಗೆ ಅಂಟಿಸಿಬಿಟ್ಟರೆ ಆಯಿತೇ? ಅಲ್ಲೇ ಎಡವಟ್ಟು. ಸೆಕೆಂಡಿಗೆ 10 ಮೀಟರ್ ಗಾಳಿ ಗೋಡೆಯ ಮೇಲೆ ಹಾಕುವ ಒತ್ತಡ ಸುಮಾರು 60 ಪ್ಯಾಸ್ಕಲ್. ಆರು ಮಿ.ಮೀ. ಎತ್ತರದ ನೀರನ್ನು ಎತ್ತಿ ಹಿಡಿಯುವಷ್ಟು ಬಲ ಅದು. ಜೋಡಣೆಯ ಸಂದಿನಲ್ಲಿ ನಿಂತ ನೀರನ್ನು ಒಳಕ್ಕೆ ನೂಕಲು ಅಷ್ಟು ಸಾಕು. ಒಳಹೋದ ನೀರಿಗೆ ಹೊರಬರಲು ದಾರಿಯಿಲ್ಲ, ಆರಲು ಗಾಳಿಯಿಲ್ಲ. ಶೀಟಿನ ಹಿಂದೆ ಒಂದೆರಡು ಇಂಚು ಜಾಗ ಬಿಟ್ಟು, ಮೇಲೂ ಕೆಳಗೂ ತೆರೆದಿಟ್ಟರೆ ಸಂಗತಿ ಬೇರೆ. ಹೊರಗಿನ ಗಾಳಿ ಹಿಂಬದಿಗೂ ನುಗ್ಗಿ ಎರಡೂ ಕಡೆಯ ಒತ್ತಡ ಹೆಚ್ಚುಕಡಿಮೆ ಸಮವಾಗುತ್ತದೆ, ನೂಕುವ ಬಲ ಉಡುಗುತ್ತದೆ. ತಪ್ಪಿ ಒಳಬಂದ ಹನಿ ಶೀಟಿನ ಬೆನ್ನಿಗೇ ಇಳಿದು ನೆಲ ಸೇರುತ್ತದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಜಿ.ಕೆ. ಗಾರ್ಡನ್ 1963ರಲ್ಲಿ ಈ ತತ್ತ್ವವನ್ನು ಬಿಡಿಸಿ ಬರೆದ ಮೇಲೆ ದೊಡ್ಡ ಕಟ್ಟಡಗಳ ಎಂಜಿನಿಯರುಗಳು ಇದನ್ನು ಗಂಭೀರವಾಗಿ ತೆಗೆದುಕೊಂಡರು. ಸೂರಿನಿಂದ ಗೋಡೆಗೆ ತಾಗದಂತೆ ಇಳಿಬಿಟ್ಟ ಸೋಗೆ ತಟ್ಟಿ ಮಾಡುವುದೂ ಇದನ್ನೇ. ಚಲಿಸುವ ಭಾಗ ಒಂದೂ ಇಲ್ಲದ ಯಂತ್ರ ಎನ್ನಲು ನನಗೇನೂ ಸಂಕೋಚವಿಲ್ಲ.

ಈಗ ಲೆಕ್ಕಕ್ಕೆ ಬರೋಣ. 40 ಅಡಿ ಉದ್ದ, 25 ಅಡಿ ಅಗಲದ ಮನೆ, ಅಂದರೆ ಹತ್ತು ಚದರ. ಸುತ್ತಳತೆ 130 ಅಡಿ, ಗೋಡೆ 10 ಅಡಿ ಎತ್ತರ: 1,300 ಚದರಡಿ. ಅಗಲದ ಎರಡು ಬದಿಯಲ್ಲಿ ಮಾಡಿನ ಕೆಳಗೆ ತ್ರಿಕೋನವಿದ್ದು ಅದರ ಎತ್ತರ 8 ಅಡಿಯಾದರೆ ಒಂದೊಂದು 100 ಚದರಡಿ. ಎಲ್ಲ ಸೇರಿ 1,500. ಉದ್ದದ ಬದಿ ಪಡುವಣಕ್ಕಿದ್ದರೆ ಅಲ್ಲಿ 400, ತೆಂಕಣದಲ್ಲಿ ತ್ರಿಕೋನ ಸೇರಿ 350. ಮಳೆ ಹೊಡೆಯುವ ಗೋಡೆ ಬರೀ 750, ಸರಿಯಾಗಿ ಅರ್ಧ. ಬಾಗಿಲು ಕಿಟಕಿ ಕಳೆಯಬೇಡವೇ ಎಂದರೆ, ಒರಟು ಲೆಕ್ಕಕ್ಕೆ ಬೇಡ. ಶೀಟಿನ ಮೇಲೆ ಶೀಟು ಕೂರುವ ಅಂಚಿಗೆ, ಕತ್ತರಿಸಿ ಹಾಳಾಗುವುದಕ್ಕೆ ನೂರಕ್ಕೆ ಹತ್ತರಷ್ಟು ಕೂಡಬೇಕು. ಬಾಗಿಲು ಕಿಟಕಿಯಲ್ಲಿ ಉಳಿದದ್ದು ಅಲ್ಲಿಗೆ ಹೋಗುತ್ತದೆ.

ದರ ವರ್ಷವರ್ಷ ಬದಲಾಗುತ್ತದೆ, ನಿಮ್ಮೂರಿನದನ್ನು ನೀವೇ ಹಾಕಿಕೊಳ್ಳಿ. ಲೆಕ್ಕದ ದಾರಿ ತೋರಿಸಲು ಮಾತ್ರ ಚದರಡಿಗೆ ಎಲ್ಲ ಸೇರಿ 150 ರೂಪಾಯಿ ಎಂದಿಟ್ಟುಕೊಳ್ಳುತ್ತೇನೆ. ನಾಲ್ಕೂ ಗೋಡೆಗೆ 2,25,000, ಎರಡು ಗೋಡೆಗೆ 1,12,500. ಪ್ರತಿವರ್ಷ ತಟ್ಟಿ ಕಟ್ಟಲು ಬಿಚ್ಚಲು ಎಂಟು ಆಳು, ಆಳಿಗೆ 800 ರೂಪಾಯಿ, ಹಗ್ಗ-ಗಳಕ್ಕೆ 1,100: ಒಟ್ಟು 7,500. ಎರಡು ಗೋಡೆಯ ಶೀಟಿನ ದುಡ್ಡು ಹುಟ್ಟಲು 15 ವರ್ಷ ಬೇಕು. ನಾಲ್ಕೂ ಗೋಡೆಗೆ ಹೊದಿಸಿದರೆ 30 ವರ್ಷ. ಅಷ್ಟರಲ್ಲಿ ತಗಡಿನ ಕತ್ತರಿಸಿದ ಅಂಚು ಕಿಲುಬು ಹಿಡಿದಿರುತ್ತದೆ. ತೋಟವೂ ಆಳೂ ಎರಡೂ ಇರುವವರು ಅವಸರ ಮಾಡಬೇಕಿಲ್ಲ.

‘ಎಲ್ಲ ಸೇರಿ’ ಎಂದೆನಲ್ಲ, ಅದನ್ನು ಶೀಟಿನವರಲ್ಲಿ ಬಿಡಿಸಿ ಕೇಳಿ. ಶೀಟಿನ ಬೆಲೆ ಎಲ್ಲರೂ ಹೇಳುತ್ತಾರೆ. ಹಿಂದಿನ ಜಾಗಕ್ಕೆ ಬೇಕಾದ ಪೈಪಿನ ಚೌಕಟ್ಟು, ಮೂಲೆ ಮುಚ್ಚುವ ಪಟ್ಟಿ, ರಬ್ಬರ್ ವಾಷರಿನ ಸ್ಕ್ರೂ, ಇಲಿ-ಹಾವು ನುಗ್ಗದಂತೆ ಕೆಳಗೆ ಜಾಲರಿ, ಗೋಡೆಯ ಹಳೇ ಬಿರುಕಿಗೆ ಗಾರೆ ಇವೆಲ್ಲ ಕೆಲಸ ಅರ್ಧವಾದ ಮೇಲೆ ಹೊರಬರುವ ಬಾಬತ್ತುಗಳು. ಚೌಕಟ್ಟು ಬಿಟ್ಟು ಅಗ್ಗದ ದರ ಹೇಳುವವರು ಶೀಟನ್ನು ಗೋಡೆಗೇ ಹೊಡೆಯುತ್ತಾರೆ. ಕೆಲಸ ನಡೆಯುವಾಗ ಎರಡು ಕಡೆ ಕಣ್ಣಿಡಿ. ಮಾಡಿಗೆ ಶೀಟು ಹಾಕುವಾಗ ಸ್ಕ್ರೂ ಏರಿನ ಮೇಲೆ ಕೂರುತ್ತದೆ, ಗೋಡೆಗಾದರೆ ತಗ್ಗಿನಲ್ಲಿ ಕೂತರೆ ಬಿಗಿ ಹೆಚ್ಚು. ಪಡುವಣ ಗೋಡೆಗೆ ಬಡಗಣ ತುದಿಯಿಂದ ಶುರುಮಾಡಿ ತೆಂಕಣಕ್ಕೆ ಬರಬೇಕು. ಆಗ ಪ್ರತಿ ಜೋಡಣೆಯಲ್ಲಿ ಮೇಲೆ ಕೂತ ಶೀಟಿನ ಅಂಚು ಗಾಳಿಗೆ ಬೆನ್ನು ಹಾಕಿರುತ್ತದೆ.

ಸಾಗಾಟದ ಬಾಬತ್ತು ಈಚೆಗೆ ಹಗುರಾಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಈ ಸೀಮೆಗೆ ಸಾಗರದಿಂದ ಬರುವ ನೇರ ದಾರಿ ಹಿನ್ನೀರು ದಾಟಿಸುವ ಲಾಂಚ್ ಒಂದೇ ಆಗಿತ್ತು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದ ವರ್ಷ ಲಾಂಚಿಗೆ ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು. ಗೋಡೆಗೆ ಹೊದಿಕೆ ಬೇಕಾಗುವುದೂ ಅದೇ ಬೇಸಿಗೆಯಲ್ಲಿ. ಕಾರ್ಗಲ್ ಕಡೆಯಿಂದ ಸುತ್ತಿ ತಂದರೆ ಲಾರಿ ಬಾಡಿಗೆ ಏರುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾರಿ ನೇರ ಬರುತ್ತದೆ, ಉದ್ದನೆಯ ಶೀಟು ತರಿಸುವುದೂ ಕಷ್ಟವಲ್ಲ. ಆದ್ದರಿಂದ ಆರ್ಡರು ಕೊಡುವಾಗಲೇ ಗೋಡೆಯ ಎತ್ತರ ಅಳೆದು, ನೆಲದಿಂದ ಅರ್ಧ ಅಡಿ ಬಿಟ್ಟು, ಒಂಬತ್ತೂವರೆ ಅಡಿಯ ಒಂದೇ ತುಂಡು ಕೊಡಿ ಎಂದು ಹೇಳಿ. ನಡುವೆ ಅಡ್ಡ ಜೋಡಣೆ ಬಂದರೆ ನೀರು ನಿಲ್ಲುವುದು ಅಲ್ಲೇ.