ಎದೆಯ ಮೇಲೆ ಹೆಸರು

ಬೆಂಗಳೂರಿನ ಶಂಕರಪುರಂನ ದೇವಸ್ಥಾನದಲ್ಲಿ ಅರ್ಚನೆಗೆ ಕೊಟ್ಟರೆ ಅರ್ಚಕರು ಮೊದಲು ಕೇಳುವುದೇನು? ಗೋತ್ರ, ನಕ್ಷತ್ರ, ಹೆಸರು. ನಾವು ಹೊಸ್ತಿಲ ಹೊರಗೇ ನಿಂತಿರುತ್ತೇವೆ. ಒಳಗೆ ಹೋಗುವುದು ನಮ್ಮ ಹೆಸರು.

ಬೈಬಲ್ಲಿನ ದೇವದರ್ಶನದ ಗುಡಾರವನ್ನು ಇಲ್ಲಿಂದಲೇ ನೋಡೋಣ. ಅಂಗಳದಲ್ಲಿ ಯಜ್ಞವೇದಿ, ಕೈಕಾಲು ತೊಳೆಯಲು ತಾಮ್ರದ ತೊಟ್ಟಿ. ಒಳಗೆ ಏಳು ಹಣತೆಯ ದೀಪಸ್ತಂಭ, ರೊಟ್ಟಿಯ ಮೇಜು, ಧೂಪವೇದಿ. ಆಮೇಲೆ ನೀಲಿ, ನೇರಳೆ, ಕೆಂಪು ನೂಲಿನ ತೆರೆ. ಅದರಾಚೆ ಮಹಾಪರಿಶುದ್ಧ ಸ್ಥಳ, ಅದರಲ್ಲಿ ಹತ್ತು ಆಜ್ಞೆಗಳ ಮಂಜೂಷ. ಅಲ್ಲಿಗೆ ವರ್ಷಕ್ಕೊಂದೇ ದಿನ, ಮಹಾಯಾಜಕನೊಬ್ಬನೇ. ಅವನ ಎದೆಪದಕದಲ್ಲಿ 12 ರತ್ನ. ಒಂದೊಂದರ ಮೇಲೂ ಇಸ್ರಾಯೇಲಿನ ಒಂದೊಂದು ಕುಲದ ಹೆಸರು. ನನ್ನ ಕಣ್ಣು ನಿಲ್ಲುವುದು ಅಲ್ಲೇ.

1844ರ ಅಕ್ಟೋಬರ್ 22. ಕ್ರಿಸ್ತನು ಇಂದು ಮರಳುತ್ತಾನೆಂದು ಅಮೆರಿಕದಲ್ಲಿ ಸಾವಿರಾರು ಜನ ಕಾದರು. ಬರಲಿಲ್ಲ. ಅತ್ತು ಬೆಳಗು ಮಾಡಿದವರಲ್ಲಿ ಕೆಲವರು ದಾನಿಯೇಲನ ಗ್ರಂಥವನ್ನೂ ಇಬ್ರಿಯರಿಗೆ ಬರೆದ ಪತ್ರಿಕೆಯನ್ನೂ ಮತ್ತೆ ಓದಿದರು. ಕ್ರಿಸ್ತನು ಅಂದು ಮಹಾಯಾಜಕನಾಗಿ ಸ್ವರ್ಗದ ಮಹಾಪರಿಶುದ್ಧ ಸ್ಥಳದಲ್ಲಿ ತೀರ್ಪಿನ ಸೇವೆ ಆರಂಭಿಸಿದನೆಂದು ನಂಬಿದರು. ಅಡ್ವೆಂಟಿಸ್ಟ್ ಸಭೆ ಬೆಳೆದದ್ದು ಆ ನಂಬಿಕೆಯಿಂದ.

ಶನಿವಾರ ಬೆಳಿಗ್ಗೆ ಸಬ್ಬತ್ ಆರಾಧನೆಗೆ ಹೊರಡುವ ಬೆಂಗಳೂರಿನ ಅಡ್ವೆಂಟಿಸ್ಟ್ ವಿಶ್ವಾಸಿಗೂ ಧೈರ್ಯ ಕೊಡುವುದು ಅದೇ. ಬಲಿ ಶಿಲುಬೆಯಲ್ಲಿ ಮುಗಿಯಿತು. ಯಾಜಕನಾದ ಕ್ರಿಸ್ತನು ಇನ್ನೂ ಒಳಗಿದ್ದಾನೆ, ಅವನ ಎದೆಯ ಮೇಲೆ ಆ ವಿಶ್ವಾಸಿಯ ಹೆಸರಿದೆ.