ಗಣಕಯಂತ್ರದ ಹಾಡು ಶ್ರುತಿ ತಪ್ಪಿದಾಗ

ಮೂಗೂರೆಂದೊಡನೆ ತ್ರಿಪುರಸುಂದರಿಯಮ್ಮನವರ ದೇವಾಲಯವೂ ಜಾತ್ರೆಯೂ ನೆನಪಿಗೆ ಬರುವುದು ಸಹಜ. ಭರತನಾಟ್ಯವನ್ನು ಬಲ್ಲವರಿಗೆ ಇನ್ನೊಂದು ನೆನಪೂ ಉಂಟು. ಮೈಸೂರು ಸಂಪ್ರದಾಯದ ನೃತ್ಯವನ್ನು ಉಳಿಸಿದವರಲ್ಲಿ ಮೂಗೂರು ಜೇಜಮ್ಮನವರದು ದೊಡ್ಡ ಹೆಸರು. ಇಂಥ ಊರಿನಲ್ಲಿ ಶ್ರುತಿ ಕೂದಲೆಳೆಯಷ್ಟು ಜಾರಿದರೂ ಮುಖ ಸಿಂಡರಿಸುವ ಹಿರಿಯರು ಒಬ್ಬರಾದರೂ ಇರುತ್ತಾರೆ. ಅಂಥ ಒಬ್ಬ ಅಜ್ಜಿಯ ಮನೆಯಲ್ಲಿ ನಾವು ಕಂಡ ಸಂಗತಿಯನ್ನು ವಾಚಕರ ಮುಂದಿಡಬೇಕೆಂದು ಈ ಲೇಖನ.

ಆ ಮನೆಯ ಮೊಮ್ಮಗಳಿಗೆ ಹನ್ನೆರಡು ವರ್ಷ. ಜಾತ್ರೆಯ ಕಾಲದ ಒಂದು ಸಂಜೆ ಆಕೆ ದೇವರನಾಮ ಹಾಡತಕ್ಕದ್ದೆಂದು ನಿಶ್ಚಯವಾಗಿದ್ದಿತು. ಪಕ್ಕವಾದ್ಯಕ್ಕೆ ಜನರಿಲ್ಲ. ಇಂಜಿನಿಯರಿಂಗ್ ಓದುತ್ತಿರುವ ಅಣ್ಣನು ಸ್ವರಗಳನ್ನು ಗಣಕಯಂತ್ರದ ಒಂದು ಪ್ರೋಗ್ರಾಮಿನಲ್ಲಿ ಬರೆದು, ಪಿಟೀಲು, ಮೃದಂಗಗಳ ಹಿಮ್ಮೇಳವನ್ನು ಅದರಿಂದಲೇ ನುಡಿಸುವ ಏರ್ಪಾಡು ಮಾಡಿದ್ದನು. ಮೂರು ವಾರ ಅಭ್ಯಾಸ ನಡೆಯಿತು. ಹುಡುಗಿಗೆ ತಾರಷಡ್ಜ ಎಟುಕದು. ಚರಣದಲ್ಲಿ ಉಸಿರು ಸಾಲದು. ಕೇಳಿದ ಸಂಗೀತದ ಮೇಷ್ಟರೊಬ್ಬರು, “ಶಾರೀರ ಒಡೆಯುತ್ತಿದೆ, ಈ ವರ್ಷ ಬೇಡ” ಎಂದುಬಿಟ್ಟರಂತೆ. ನಾವು ಹೋದ ದಿನ ಮಗು ಒಳಮನೆಯಿಂದ ಹೊರಗೆ ಬರಲೇ ಇಲ್ಲ.

ಈ ಯಂತ್ರಗಳ ಸಂಗೀತವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಬೆಂಗಳೂರಿನಲ್ಲಿ 1979ರಲ್ಲಿ ಜಿ. ರಾಜ್ ನಾರಾಯಣ್ ಎಂಬ ಕೊಳಲುವಾದಕ ಇಂಜಿನಿಯರರು ಆರಂಭಿಸಿದ ರಾಡೆಲ್ ಸಂಸ್ಥೆಯ ವಿದ್ಯುತ್ ತಂಬೂರಿ ಇಂದು ಎಷ್ಟು ಮನೆಗಳ ದೇವರ ಕೋಣೆಯಲ್ಲಿಲ್ಲ! ಸ್ವರ ಬರೆದುಕೊಟ್ಟರೆ ಕರ್ನಾಟಕ ಸಂಗೀತವನ್ನು ನುಡಿಸುವ “ಗಾಯಕ” ಎಂಬ ಪ್ರೋಗ್ರಾಮನ್ನು ಚೆನ್ನೈಯ ಎಂ. ಸುಬ್ರಮಣಿಯನ್ ಅವರು ರಚಿಸಿರುವುದೂ ಸಂಗೀತಾಸಕ್ತರಿಗೆ ತಿಳಿದ ಮಾತು. ಯಂತ್ರವು ಸಹಾಯಕ್ಕೆ ಬರುವುದೇ ನಿಜ. ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ಹುಡುಕುವ ಬಗೆಯನ್ನು ಮನೆಯವರು ತಿಳಿದಿದ್ದರೆ ಸಾಕು.

ಮೊದಲ ದಿನ ಆ ಮನೆಯಲ್ಲಿ ಸದ್ದೇ ಹೊರಡಲಿಲ್ಲವಂತೆ. ಇದು ಎಲ್ಲಕ್ಕಿಂತ ಸುಲಭವಾದ ತೊಂದರೆ. ಯಂತ್ರದಲ್ಲಿ ಬೇರೆ ಯಾವುದಾದರೊಂದು ಹಾಡನ್ನು ಹಾಕಿ ನೋಡುವುದು. ಅದೂ ಕೇಳದಿದ್ದರೆ ತಪ್ಪು ತಂತಿಯಲ್ಲೋ, ಸ್ಪೀಕರಿನಲ್ಲೋ, ಧ್ವನಿಯು ಟೆಲಿವಿಷನ್ನಿಗೋ ಪಕ್ಕದ ಕೋಣೆಯ ಬ್ಲೂಟೂತ್ ಪೆಟ್ಟಿಗೆಗೋ ಹರಿದುಹೋಗುತ್ತಿರುವುದರಲ್ಲೋ ಇದ್ದೀತು. ಅದು ಕೇಳಿಸಿ ಇದು ಮಾತ್ರ ಕೇಳಿಸದಿದ್ದರೆ ಪ್ರೋಗ್ರಾಮಿನೊಳಗೆ ಹುಡುಕಬೇಕು.

ಎರಡನೆಯ ದಿನ ಮೃದಂಗವು ಪಿಯಾನೋ ಆಯಿತು! ಮನೆಮಂದಿಯೆಲ್ಲ ನಕ್ಕರಂತೆ. ಇದರ ಕಾರಣ ತಿಳಿಯಬೇಕಾದರೆ ಒಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಪದ್ಧತಿಯಲ್ಲಿ ಬರೆದಿಟ್ಟ ಹಾಡಿನೊಳಗೆ ನಾದವೆಂಬುದೇ ಇಲ್ಲ. “ಇಂಥ ಸ್ವರವನ್ನು ಇಷ್ಟು ಬಲವಾಗಿ ಹಿಡಿ, ಈಗ ಬಿಡು” ಎಂಬ ಅಪ್ಪಣೆಗಳು ಮಾತ್ರ ಅದರಲ್ಲಿರುವುವು. ಪುಸ್ತಕದಲ್ಲಿ ಅಚ್ಚಾದ ಸ್ವರಲಿಪಿ ಇದ್ದಂತೆ. ಅದನ್ನು ಓದಿ ನುಡಿಸುವ ವಾದ್ಯದ ಮಾದರಿ ಬೇರೆಯಾಗಿ ಇರಬೇಕು. ಅಪ್ಪಣೆಗಳು ಹರಿಯಲು ಹದಿನಾರು ದಾರಿಗಳುಂಟು. 1991ರ ಸಾಮಾನ್ಯ ಕಟ್ಟಳೆಯಂತೆ ಹತ್ತನೆಯದು ತಾಳವಾದ್ಯಗಳಿಗೆ ಮೀಸಲು. ಆ ಕಟ್ಟಳೆಯ ಪಟ್ಟಿಯಲ್ಲಿ ನಮ್ಮ ಮೃದಂಗಕ್ಕೆ ಸ್ಥಾನವಿಲ್ಲ, ಪಾಪ. ಬೇರೆಯಾಗಿ ತಂದಿಟ್ಟ ಮೃದಂಗದ ಮಾದರಿ ತೆರೆಯದೆ ಹೋದರೆ ಅಥವಾ ದಾರಿ ತಪ್ಪಿದರೆ ತಕಧಿಮಿಯು ಟಿಣ್ ಟಿಣ್ ಎನ್ನುವುದು.

ಗಮಕದ ಗತಿಯೂ ಹೀಗೆಯೆ. ಸ್ವರವನ್ನು ಜಾರಿಸುವ ಅಪ್ಪಣೆಗೆ ವಾಡಿಕೆಯ ಮಿತಿ ಮೇಲೆ ಎರಡು, ಕೆಳಗೆ ಎರಡು ಸ್ವರಸ್ಥಾನ. ಬರೆದ ಪ್ರೋಗ್ರಾಮು ಹನ್ನೆರಡು ಸ್ಥಾನವೆಂದು ಭಾವಿಸಿ, ನುಡಿಸುವ ವಾದ್ಯವು ಎರಡೆಂದೇ ತಿಳಿದಿದ್ದರೆ, ಗಮಕವು ಆರನೆಯ ಒಂದು ಪಾಲಿಗೆ ಕುಗ್ಗುವುದು. ತೋಡಿಯ ಗಾಂಧಾರ ಕಂಬದಂತೆ ನಿಂತುಬಿಡುವುದು. ಎರಡೂ ಕಡೆ ಒಂದೇ ಸಂಖ್ಯೆಯನ್ನು ಇಟ್ಟರೆ ಸರಿಹೋಗುತ್ತದೆ.

ನಡುನಡುವೆ ಚಟಚಟ ಸದ್ದು ಬರುತ್ತಿದ್ದುದು ಬೇರೆ. ಅಣ್ಣನು ಅದನ್ನು ತಾನೇ ಸರಿಮಾಡಿದ್ದನು. ಕಾಲುವೆಯ ನೀರು ಬಿಟ್ಟುಬಿಟ್ಟು ಬರುವಾಗ ರೈತನು ನಡುವೆ ಒಂದು ಹೊಂಡ ಮಾಡಿಕೊಂಡರೆ ಗದ್ದೆಗೆ ಎಡೆಬಿಡದೆ ಹಾಯುವುದಲ್ಲವೆ? ಯಂತ್ರವೂ ಧ್ವನಿಯ ಅಂಕಿಗಳನ್ನು ಬಫರ್ ಎಂಬ ಹೊಂಡದಲ್ಲಿ ತುಂಬಿ ಹರಿಸುತ್ತದೆ. ಹೊಂಡವು 256 ಅಂಕಿಯಷ್ಟು ಚಿಕ್ಕದಾದರೆ ಬರಿದಾಗಿ ಚಟಚಟವೆನ್ನುವುದು. 1024 ಮಾಡಿದರೆ ನಿಲ್ಲುವುದು. ಆಗ ಧ್ವನಿಯು ಸೆಕೆಂಡಿನ ಐವತ್ತನೆಯ ಒಂದು ಪಾಲಿನಷ್ಟು ತಡವಾಗುತ್ತದೆ. ಕೇಳುವವರಿಗೆ ಅದು ತಿಳಿಯದು.

ಇನ್ನು ಶ್ರುತಿಯ ಮಾತು. ನಾವು ಕುಳಿತಿದ್ದಂತೆಯೇ ಅಣ್ಣನು ಹಿಮ್ಮೇಳವನ್ನು ನುಡಿಸಿದನು. ಅಜ್ಜಿ ಕಣ್ಣು ಮುಚ್ಚಿ ಕೇಳಿ, “ಇದು ಯಾವ ಶ್ರುತಿಯಪ್ಪ?” ಎಂದರು.

“ಐದು ಮನೆ. ನೋಡಜ್ಜಿ, ಇಲ್ಲಿ ಹಾಗೆಂದೇ ಬರೆದಿದೆ.”

“ಬರೆದದ್ದು ಇರಲಿ. ಹಾರ್ಮೋನಿಯಂ ತೆಗೆ.”

ಐದನೆಯ ಮನೆಯನ್ನು ಒತ್ತಿದರು, ಸೇರಲಿಲ್ಲ. ಐದೂವರೆ, ಇಲ್ಲ. ಆರು, ಅದೂ ಇಲ್ಲ. ಹಿಮ್ಮೇಳದ ಷಡ್ಜವು ಐದೂವರೆಗೂ ಆರಕ್ಕೂ ನಡುವೆ, ಯಾವ ಮನೆಯೂ ಇಲ್ಲದ ಬಯಲಿನಲ್ಲಿ ನಿಂತಿದ್ದಿತು. ಹುಡುಗನು ಇದನ್ನು ಮೊದಲೇ ಅರಿಯದೆ, ಶ್ರುತಿಪೆಟ್ಟಿಗೆಯ ತಿರುಪನ್ನೇ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ ಯಂತ್ರಕ್ಕೆ ಹೊಂದಿಸಿಬಿಟ್ಟಿದ್ದನು. ತಂಗಿಯು ಮೂರು ವಾರವೂ ತನ್ನದಲ್ಲದ ಶ್ರುತಿಗೆ ಗಂಟಲು ಹರಿದುಕೊಂಡಿದ್ದಳು.

“ಫೋನಿನಲ್ಲಿ ಸರಿಯಾಗಿದೆಯಲ್ಲ ಅಜ್ಜಿ” ಎಂದು ಅದೇ ಹಾಡನ್ನು ಕಡತವಾಗಿ ಇಳಿಸಿಕೊಂಡದ್ದನ್ನು ಫೋನಿನಿಂದ ಕೇಳಿಸಿದನು. ಅದು ಒಪ್ಪವಾಗಿ ಐದು ಮನೆ! ಗಡಿಯಾರ ಹಿಡಿದು ನೋಡಿದೆವು. ಫೋನಿನಲ್ಲಿ ಹಾಡು 5 ನಿಮಿಷ. ಗಣಕಯಂತ್ರದಲ್ಲಿ 4 ನಿಮಿಷ 36 ಸೆಕೆಂಡು. ಶ್ರುತಿಯೂ ಏರಿದೆ, ಕಾಲವೂ ಓಡಿದೆ. ಇವೆರಡೂ ಕೂಡಿ ಬಂದಾಗ ರೋಗ ಒಂದೇ. ಶ್ರುತಿ ಮಾತ್ರ ಬದಲಾಗಿ ಕಾಲ ಸರಿಯಾಗಿದ್ದರೆ ಪ್ರೋಗ್ರಾಮಿನ ಶ್ರುತಿಯ ಸಂಖ್ಯೆಯನ್ನೂ, ಕಾಲ ಮಾತ್ರ ಬದಲಾಗಿದ್ದರೆ ಲಯದ ಸಂಖ್ಯೆಯನ್ನೂ ನೋಡತಕ್ಕದ್ದು. ಎರಡೂ ಏರಿದ್ದರೆ, ಹಿಂದೆ ಗ್ರಾಮಫೋನಿನ ತಟ್ಟೆ ಬೇಗ ತಿರುಗಿದಾಗ ಆಗುತ್ತಿದ್ದುದೇ ಈಗಲೂ ಆಗಿದೆ.

ಯಂತ್ರವು ನಾದವನ್ನು ಸೆಕೆಂಡಿಗೆ ಇಷ್ಟು ಸಾವಿರವೆಂದು ಅಂಕಿಗಳಾಗಿ ಕತ್ತರಿಸಿಡುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಗೆ 44,100 ಎಂದು ಗೊತ್ತಾಯಿತು. ಚಲಚ್ಚಿತ್ರ, ವಿಡಿಯೋಗಳಲ್ಲಿ 48,000 ವಾಡಿಕೆ. ಹುಡುಗನ ಪ್ರೋಗ್ರಾಮು 44,100ರ ಲೆಕ್ಕದಲ್ಲಿ ಹಾಡನ್ನು ಕೊಡುತ್ತಿದ್ದಿತು. ಮೈಕಿಗಾಗಿ ಜೋಡಿಸಿದ್ದ ಹೊರಗಿನ ಧ್ವನಿಪೆಟ್ಟಿಗೆಯು ಸೆಕೆಂಡಿಗೆ 48,000ದಂತೆ ಅವನ್ನು ಖರ್ಚು ಮಾಡುತ್ತಿದ್ದಿತು. ನೂರಕ್ಕೆ ಸುಮಾರು ಒಂಬತ್ತು ಪಾಲು ವೇಗ. ಸ್ವರಸ್ಥಾನದ ಲೆಕ್ಕದಲ್ಲಿ ಒಂದೂವರೆಗೆ ತುಸು ಕಡಮೆ. ಹಾರ್ಮೋನಿಯಮ್ಮಿನ ಮನೆಗಳ ನಡುವೆ ಷಡ್ಜವು ಸಿಕ್ಕಿಕೊಂಡುದು ಇದರಿಂದಲೇ. ಕಡತದ ತಲೆಯಲ್ಲಿ 44,100 ಎಂದು ಬರೆದಿರುವುದನ್ನು ಫೋನು ಓದಿಕೊಂಡಿತು. ಆದುದರಿಂದ ಅಲ್ಲಿ ತಪ್ಪಲಿಲ್ಲ.

ಪ್ರೋಗ್ರಾಮು, ಯಂತ್ರದ ಧ್ವನಿಯ ಏರ್ಪಾಡು, ಹೊರಗಿನ ಪೆಟ್ಟಿಗೆ, ಈ ಮೂರರಲ್ಲಿಯೂ 48,000 ಎಂದು ಮಾಡಿ, ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆಯಲು ಐದು ನಿಮಿಷವೂ ಹಿಡಿಯಲಿಲ್ಲ. ಪಿಟೀಲು, ಮೃದಂಗ, ತಂಬೂರಿ ಒಟ್ಟಾದಾಗ ಕರಕರವೆನ್ನುತ್ತಿದ್ದುದಕ್ಕೆ ಒಂದೊಂದರ ಬಲವನ್ನೂ ಕೊಂಚ ಇಳಿಸಿದನು. ಅಂಕಿಗೆ ಮೇಲಿನ ಎಲ್ಲೆಯೊಂದುಂಟು. ಅದನ್ನು ಮೀರಿದ ನಾದದ ನೆತ್ತಿ ಕತ್ತರಿಸಿಹೋಗುವುದು.

ಅಜ್ಜಿ ಒಳಮನೆಯ ಬಾಗಿಲಿಗೆ ಹೋಗಿ, “ಬಾ ಪುಟ್ಟಿ, ನಿನ್ನ ಗಂಟಲಲ್ಲಿ ಏನೂ ತಪ್ಪಿರಲಿಲ್ಲ. ಪೆಟ್ಟಿಗೆ ಓಡುತ್ತಿತ್ತು” ಎಂದರು. ಬಹಳ ಹೊತ್ತಿನ ಮೇಲೆ ಹುಡುಗಿ ಬಂದು, ಅಣ್ಣನ ಕಡೆ ನೋಡದೆ, ತಂಬೂರಿಯ ಪಕ್ಕದಲ್ಲಿ ಕುಳಿತಳು. ತಾರಷಡ್ಜಕ್ಕೆ ಬಂದಾಗ ಒಂದು ಕ್ಷಣ ಹೆದರಿ ನಿಂತಳು, ಆಮೇಲೆ ಹಿಡಿದಳು. ಚರಣ ಮುಗಿದ ಮೇಲೆ ಅಜ್ಜಿ, ಪಿಟೀಲಿನ ಗಮಕ ಇನ್ನೂ ಒಣಗಿದೆ, ಅದನ್ನು ತೆಗೆದು ಮೃದಂಗ ಮಾತ್ರ ಇರಲಿ ಎಂದು ಮೊಮ್ಮಗನಿಗೆ ಹೇಳಿ, ನಮಗೆ ಕಾಫಿ ತರಲು ಎದ್ದರು. ಹುಡುಗಿಯು ಮೊದಲಿಂದ ಇನ್ನೊಮ್ಮೆ ಹಾಡಬೇಕೆಂದಳು.