ನಾಲ್ಕು ಸ್ಕ್ರೂಗಳ ವಾದ್ಯ

ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ಆತನದು ರೇಡಿಯೊ ರಿಪೇರಿ ಅಂಗಡಿ. ಆತ 1950ರಲ್ಲಿ ಮಾರುಕಟ್ಟೆಗೆ ತಂದ, ಮರುವರ್ಷ ಟೆಲಿಕಾಸ್ಟರ್ ಎಂದು ಹೆಸರಾದ ಎಲೆಕ್ಟ್ರಿಕ್ ಗಿಟಾರನ್ನು ತಿರುಗಿಸಿ ನೋಡಿದರೆ, ಇದು ರಿಪೇರಿಯಲ್ಲಿ ಪಳಗಿದ ತಲೆಯಿಂದ ಹುಟ್ಟಿದ ವಸ್ತು ಎಂಬುದು ತಿಳಿಯುತ್ತದೆ. ಒಡಲು ಬರೀ ಚಪ್ಪಟೆ ಹಲಗೆ. ದಂಡಿಯನ್ನು ಅಂಟು ಹಾಕಿ ಕೂರಿಸಿಲ್ಲ, ಹಿಂಬದಿಯಿಂದ ನಾಲ್ಕು ಸ್ಕ್ರೂ ಬಿಗಿದಿದ್ದಾರೆ. ಸವೆದರೆ ಅಥವಾ ಡೊಂಕಾದರೆ ಬಿಚ್ಚಿ ಬೇರೆಯದನ್ನು ಹಾಕಿದರಾಯಿತು. ಅಲ್ಲಿಯವರೆಗೆ ಒಳ್ಳೆಯ ಗಿಟಾರಿನ ದಂಡಿ ಕೆಟ್ಟಿತೆಂದರೆ ಹಬೆ ಹಾಯಿಸಿ ಅಂಟು ಬಿಡಿಸುವ ನುರಿತ ಕುಶಲಕರ್ಮಿಯನ್ನೇ ಹುಡುಕಬೇಕಿತ್ತು. ಇವತ್ತು ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಭಾಗಗಳಾಗಿ ಮನೆಗೆ ಬರುವ ‘ಗಿಟಾರ್ ಕಿಟ್’ ಎಂಬುದನ್ನು ಅನೇಕರು ಅಸಲಿ ವಾದ್ಯದ ಅಗ್ಗದ ನಕಲು ಎಂದು ತಿಳಿಯುತ್ತಾರೆ. ನಿಜದಲ್ಲಿ ಫೆಂಡರ್‌ನ ಎಲೆಕ್ಟ್ರಿಕ್ ಗಿಟಾರ್ ಹುಟ್ಟುತ್ತಲೇ ಕಿಟ್ ಆಗಿತ್ತು. ಫುಲರ್ಟನ್ನಿನ ಕಾರ್ಖಾನೆಯ ಮೇಜಿನ ಮೇಲೆ ನಡೆಯುತ್ತಿದ್ದ ಕೊನೆಯ ಹಂತದ ಕೆಲಸ ಈಗ ಮನೆಯ ಮೇಜಿಗೆ ಬಂದಿದೆ, ಅಷ್ಟೆ. ಆ ಕೊನೆಯ ಹಂತವೇ ಮರ ಮತ್ತು ತಂತಿಯನ್ನು ವಾದ್ಯವಾಗಿಸುವುದು ಎಂಬುದು ಈ ಲೇಖನದ ವಾದ.

ಪೆಟ್ಟಿಗೆಯಲ್ಲಿ ಏನಿರುತ್ತದೆ? ಆಕಾರಕ್ಕೆ ಕೊರೆದ, ಬಣ್ಣ ಕಾಣದ ಒಡಲು; ಮೆಟ್ಟಿಲುಗಳನ್ನು ಆಗಲೇ ಕೂರಿಸಿರುವ ದಂಡಿ; ಆರು ಬಿರಡೆ; ತಂತಿಗಳು ಕೂರುವ ಲೋಹದ ಕುದುರೆ; ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ಗಳು; ದನಿ ಏರಿಸಿ ಇಳಿಸುವ ಪೊಟೆನ್ಷಿಯೊಮೀಟರ್, ಕೆಪಾಸಿಟರ್, ಸ್ವಿಚ್ಚು, ಒಂದು ಹಿಡಿ ಸ್ಕ್ರೂ. ವೀಣೆಯ ಮಾತುಗಳನ್ನು ಇಲ್ಲಿ ಬಳಸಿದರೆ ತಪ್ಪಾಗುವುದಿಲ್ಲ, ಏಕೆಂದರೆ ಅಂಗಗಳ ಕೆಲಸ ಒಂದೇ. ದಂಡಿಯ ಮೇಲಿನ ಪಟ್ಟಿ ಮೇಪಲ್ ಇರಬಹುದು, ನಮ್ಮ ಬೀಟೆಯೂ ಇರಬಹುದು. 1960ರ ದಶಕದಲ್ಲಿ ಬ್ರೆಜಿಲ್ಲಿನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಗಿಟಾರ್ ಕಂಪನಿಗಳು ತಿರುಗಿದ್ದು ದಕ್ಷಿಣ ಭಾರತದ ಬೀಟೆಯ ಕಡೆಗೆ. ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ಅದಕ್ಕೆ ಬದಲಾಯಿಸಿತು. 2017ರಲ್ಲಿ, ಅಳಿವಿನ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಹೇರಿತು. ಸಿದ್ಧ ವಾದ್ಯಗಳಿಗೂ ಅವುಗಳ ಸಿದ್ಧ ಭಾಗಗಳಿಗೂ ವಿನಾಯಿತಿ ದೊರಕಿದ್ದು 2019ರಲ್ಲಿ. ಆ ನಡುವೆ ಅಗ್ಗದ ಗಿಟಾರುಗಳಲ್ಲಿ ‘ಇಂಡಿಯನ್ ಲಾರೆಲ್’ ಎಂಬ ಹೊಸ ಹೆಸರು ಕಾಣಿಸಿಕೊಂಡಿತು. ಮಲೆನಾಡಿನವರಿಗೆ ಅದು ಮತ್ತಿ ಮರ.

ಮೊದಲ ಆಕ್ಷೇಪ ಎಲ್ಲರಿಗೂ ತೋಚುವಂಥದ್ದು: ಕಷ್ಟದ ಕೆಲಸವನ್ನೆಲ್ಲ ಯಂತ್ರ ಮಾಡಿ ಮುಗಿಸಿದೆ, ಉಳಿದದ್ದು ಜೋಡಣೆ, ಅದನ್ನು ಗಿಟಾರ್ ಕಟ್ಟುವುದು ಎನ್ನಬಹುದೆ? ಯಂತ್ರ ಮಾಡಿರುವುದು ಯಾವ ಕೆಲಸ ಎಂದು ನೋಡಬೇಕು. ಫೆಂಡರ್ ಮಾದರಿಯಲ್ಲಿ ತಂತಿಯ ನುಡಿಯುವ ಉದ್ದ ಸುಮಾರು 648 ಮಿ.ಮೀ. ಮೊದಲ ಮೆಟ್ಟಿಲು ತುದಿಯಿಂದ 36.4 ಮಿ.ಮೀ. ದೂರದಲ್ಲಿ ಬರಬೇಕು, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ. ಇಪ್ಪತ್ತರ ನಂತರ ಎರಡು ಮೆಟ್ಟಿಲುಗಳ ನಡುವಿನ ಅಂತರ 11 ಮಿ.ಮೀ.ಗೆ ಇಳಿದಿರುತ್ತದೆ. ಪ್ರತಿ ಸಲವೂ ಉಳಿದ ಉದ್ದವನ್ನು 17.817ರಿಂದ ಭಾಗಿಸುತ್ತ ಹೋಗುವ ಲೆಕ್ಕ ಇದು. ಸರಸ್ವತಿ ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುವವನು ಕಿವಿಯನ್ನು ನಂಬುತ್ತಾನೆ, ಮೇಳ ಕಟ್ಟುವುದೆಂದರೆ ಅದೇ ಒಂದು ವಿದ್ಯೆ. ಗಿಟಾರಿನಲ್ಲಿ ಹಾಗಲ್ಲ. ಸಮಾನ ಅಂತರದ ಶ್ರುತಿಯನ್ನು ಗಣಿತ ಮೊದಲೇ ತೀರ್ಮಾನಿಸಿಬಿಟ್ಟಿದೆ, ಕೈಗೆ ಉಳಿಯುವುದು ತಪ್ಪು ಮಾಡುವ ಅವಕಾಶವೊಂದೇ. ಅಂಥ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಇನ್ನು ‘ಅಸಲಿ’ ಎಂದು ಪೂಜೆಗೊಳ್ಳುವ ಐವತ್ತರ ದಶಕದ ಫೆಂಡರ್‌ಗಳು ಹೇಗೆ ತಯಾರಾದವು? ಟಡೇಯೊ ಗೋಮೆಜ್ ಎಂಬ ಕೆಲಸಗಾರ ದಂಡಿಗಳಿಗೆ ರೂಪ ಕೊಟ್ಟು, ಬುಡದಲ್ಲಿ ಪೆನ್ಸಿಲಿನಿಂದ ತನ್ನ ಹೆಸರಿನ ಎರಡು ಅಕ್ಷರ ಮತ್ತು ತಾರೀಕು ಬರೆದು ಇಡುತ್ತಿದ್ದ. 1956ರಲ್ಲಿ ಕೆಲಸಕ್ಕೆ ಸೇರಿದ ಅಬಿಗೇಲ್ ಇಬಾರ ಪಿಕಪ್‌ಗಳಿಗೆ ತಂತಿ ಸುತ್ತುವುದರಲ್ಲಿ ಹೆಸರುವಾಸಿಯಾದರು. ಒಡಲು ಕೊರೆಯುವವರು ಬೇರೆ, ಬಣ್ಣ ಹೊಡೆಯುವವರು ಬೇರೆ. ಹಳೆಯ ಫೆಂಡರ್ ಒಂದನ್ನು ಬಿಚ್ಚಿದರೆ ದಂಡಿಯ ತಾರೀಕಿಗೂ ಒಡಲಿನ ತಾರೀಕಿಗೂ ತಿಂಗಳುಗಳ ಅಂತರ ಕಾಣುವುದು ತೀರ ಸಾಮಾನ್ಯ; ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಜೋಡಿಸಿದ್ದರು. ಇಂದು ದುಬಾರಿ ಬೆಲೆಗೆ ಹರಾಜಾಗುವ ಆ ಗಿಟಾರನ್ನು ‘ಕಟ್ಟಿದವರು ಯಾರು’ ಎಂದು ಕೇಳಿದರೆ ಒಬ್ಬರ ಹೆಸರು ಹೇಳಲು ಬರುವುದಿಲ್ಲ.

ಇದಕ್ಕೆ ಎದುರಾಗಿ ಬ್ರಯಾನ್ ಮೇ ಉದಾಹರಣೆಯನ್ನು ಮುಂದಿಡುವವರಿದ್ದಾರೆ. ಮುಂದೆ ಕ್ವೀನ್ ತಂಡದ ಗಿಟಾರಿಸ್ಟ್ ಆದ ಈತ 1963ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ತಂದೆ ಹೆರಾಲ್ಡ್ ಜೊತೆ ಸೇರಿ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿಯಿಂದ ದಂಡಿ ಕೆತ್ತಿದ. ಕುದುರೆಯ ಕೆಳಗಿನ ಸ್ಪ್ರಿಂಗುಗಳು ಹಳೆಯ ಮೋಟಾರ್‌ಸೈಕಲ್ಲಿನವು, ಗುರುತಿನ ಚುಕ್ಕೆಗಳು ಮುತ್ತಿನ ಚಿಪ್ಪಿನ ಗುಂಡಿಗಳು. ಅದ್ಭುತ ಕೆಲಸ, ಅನುಮಾನವಿಲ್ಲ. ಆದರೆ ಆತ ಸ್ವತಃ ಸುತ್ತಿದ ಪಿಕಪ್‌ಗಳು ತಂತಿಯನ್ನು ಎಳೆದು ನುಡಿಸಿದಾಗ ಸರಿಯಾಗಿ ಸ್ಪಂದಿಸಲಿಲ್ಲ. ಬರ್ನ್ಸ್ ಕಂಪನಿಯ ಸಿದ್ಧ ಪಿಕಪ್‌ಗಳನ್ನು ಕೊಂಡು ಹಾಕಿದ. ಎಲ್ಲವನ್ನೂ ತಾನೇ ಮಾಡಹೊರಟವನೂ ಒಂದು ಕಡೆ ಗೆರೆ ಎಳೆದ. ಗೆರೆಯ ಇನ್ನೊಂದು ಬದಿಯಲ್ಲಿ ರಾಕ್ ಗಿಟಾರಿಸ್ಟ್ ಎಡ್ಡಿ ವಾನ್ ಹೇಲನ್ ನಿಲ್ಲುತ್ತಾನೆ. ಐವತ್ತು ಡಾಲರಿನ ಸೆಕೆಂಡ್ಸ್ ಒಡಲು, ಎಂಬತ್ತು ಡಾಲರಿನ ದಂಡಿ, ಬೇರೊಂದು ಗಿಬ್ಸನ್ ಗಿಟಾರಿನಿಂದ ಕಿತ್ತ ಪಿಕಪ್, ಸೈಕಲ್ಲಿಗೆ ಹೊಡೆಯುವ ಬಣ್ಣ. ಪಿಕಪ್ ಕಿರುಚುವುದನ್ನು ನಿಲ್ಲಿಸಲು ಅದನ್ನು ಕರಗಿದ ಮೇಣದಲ್ಲಿ ಅದ್ದಿ ತೆಗೆದ. ದನಿ ಏರಿಸಿ ಇಳಿಸುವ ಗುಂಡಿಯ ಮೇಲೆ ‘ಟೋನ್’ ಎಂದು ಬರೆದಿತ್ತು, ಅದನ್ನು ಬದಲಿಸುವ ಗೋಜಿಗೂ ಹೋಗಲಿಲ್ಲ. 1978ರ ಆತನ ಮೊದಲ ಆಲ್ಬಮ್ಮಿನ ನಾದ ಆ ಬಿಡಿಭಾಗಗಳ ಗಿಟಾರಿನದು. ಒಡಲನ್ನಾಗಲಿ ದಂಡಿಯನ್ನಾಗಲಿ ತಾನೇ ರೂಪಿಸದೆ ಎಡ್ಡಿ ಮಾಡಿದ್ದು ಆಯ್ಕೆ ಮತ್ತು ಹೊಂದಾಣಿಕೆ. ಕಿಟ್ ಕೊಳ್ಳುವವನ ಪಾಲಿಗೆ ಬರುವುದೂ ಅದೇ.

ಕೆಲಸ ಶುರುವಾಗುವುದು ಬಣ್ಣದಿಂದಲ್ಲ. ಒಮ್ಮೆ ಎಲ್ಲವನ್ನೂ ಬಣ್ಣ ಹಚ್ಚದ ಮರದ ಮೇಲೆಯೇ ಜೋಡಿಸಿ, ಎರಡು ಅಂಚಿನ ತಂತಿಗಳನ್ನಾದರೂ ಎಳೆದು ಕಟ್ಟಿ, ಅವು ದಂಡಿಯ ಎರಡೂ ಬದಿಗೆ ಸಮನಾಗಿ ಹಾಯುತ್ತವೆಯೇ, ಕುದುರೆಯನ್ನು ಹಿಂದೆ ಮುಂದೆ ಸರಿಸಲು ಜಾಗ ಉಳಿದಿದೆಯೇ ನೋಡಿ, ಮತ್ತೆ ಬಿಚ್ಚಬೇಕು. ಬಣ್ಣ ಹೊಡೆದ ಮೇಲೆ ತೂತು ಕೊರೆಯಬೇಕಾಗಿ ಬಂದರೆ ಅಲ್ಲಿಂದ ಬಿರುಕು ಬಿಡುವ ಸಾಧ್ಯತೆ ಹೆಚ್ಚು. ಆಮೇಲೆ ಉಪ್ಪುಕಾಗದ. 120ರಿಂದ 220ಕ್ಕೆ, 320ಕ್ಕೆ, ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. ನಡುವೆ ಒದ್ದೆ ಬಟ್ಟೆಯಿಂದ ಒರೆಸಿ ನಾರು ಎದ್ದು ನಿಂತಾಗ ಮತ್ತೆ ಸವರಬೇಕು. ಕಾರ್ಖಾನೆಯಲ್ಲಿ ಹಲಗೆಗಳನ್ನು ಕೂಡಿಸುವಾಗ ಹೊರಗೆ ಇಣುಕಿದ ಅಂಟು ಬರಿಗಣ್ಣಿಗೆ ಕಾಣುವುದಿಲ್ಲ, ಬಣ್ಣ ಹೀರದೆ ಮಾಸಲು ಕಲೆಯಾಗಿ ಆಮೇಲೆ ಮುಖ ತೋರಿಸುತ್ತದೆ. ಹೊಳಪಿನ ಕೆಳಗೆ ಒಂದೂ ಗೀರು ಅಡಗಿ ಕೂರುವುದಿಲ್ಲ, ಬದಲಿಗೆ ದೊಡ್ಡದಾಗುತ್ತದೆ. ಮಹಾಗನಿ, ಆ್ಯಶ್ ಮರಗಳ ರಂಧ್ರ ದೊಡ್ಡದಾದ್ದರಿಂದ ಪುಟ್ಟಿ ತುಂಬಬೇಕು, ಮೇಪಲ್ಲಿಗೆ ಬೇಕಿಲ್ಲ. ದಂಡಿ ಕೂರುವ ಗುಂಡಿಗೆ ಟೇಪು ಅಂಟಿಸಿ ಬಣ್ಣ ಸೇರದಂತೆ ಕಾಯುವುದು ಸಣ್ಣ ಮಾತೆನ್ನಿಸಬಹುದು. ಅಲ್ಲಿ ಬಣ್ಣದ ಪದರ ಸೇರಿದರೆ ನಾಲ್ಕು ಸ್ಕ್ರೂ ಬಿಗಿದಾಗ ದಂಡಿ ಸರಿಯಾಗಿ ಕೂರುವುದಿಲ್ಲ, ಅಂಚಿನಲ್ಲಿ ಲ್ಯಾಕರ್ ಸೀಳುತ್ತದೆ.

ಬಣ್ಣದ ವಿಚಾರದಲ್ಲಿ ಫೆಂಡರ್ ಕಂಪನಿಯವರು ಮೋಟಾರು ಉದ್ಯಮದಿಂದಲೇ ಎರವಲು ಪಡೆದರು. ಡ್ಯುಪಾಂಟ್ ಕಂಪನಿ ಕಾರುಗಳಿಗಾಗಿ ತಯಾರಿಸುತ್ತಿದ್ದ ಲ್ಯಾಕರ್‌ಗಳೇ ಗಿಟಾರಿನ ಮೈಗೂ ಬಂದವು: ಫಿಯೆಸ್ಟಾ ರೆಡ್ ಫೋರ್ಡ್ ಥಂಡರ್‌ಬರ್ಡ್ ಕಾರಿನ ಕೆಂಪು, ಲೇಕ್ ಪ್ಲಾಸಿಡ್ ಬ್ಲೂ ಕ್ಯಾಡಿಲಾಕಿನ ನೀಲಿ. ನಮ್ಮಲ್ಲಿ ಕಿಟ್ ಕಟ್ಟುವವರಿಗೂ ವಿದೇಶಿ ಡಬ್ಬಿ ಬೇಕಿಲ್ಲ. ಪೀಠೋಪಕರಣಕ್ಕೆ ಪಾಲಿಶ್ ಮಾಡುವವರು ಬಳಸುವ ಎನ್‌ಸಿ ಲ್ಯಾಕರ್, ಆ ಕಾಲದ ಅನೇಕ ಗಿಟಾರುಗಳಿಗೆ ಹಚ್ಚಿದಂತೆಯೇ, ನೈಟ್ರೊಸೆಲ್ಯುಲೋಸ್ ಲ್ಯಾಕರ್. ಮೆಲಮೈನ್, ಪಾಲಿಯುರೆಥೇನ್ (ಪಿಯು) ಕೂಡ ಹಾರ್ಡ್‌ವೇರ್ ಅಂಗಡಿಯಲ್ಲೇ ಇವೆ. ಇನ್ನೂ ಹಳೆಯದು ಅರಗು. ಚನ್ನಪಟ್ಟಣದ ಬೊಂಬೆಗಳಿಗೆ ತಿರುಗುವ ಮರದ ಬಿಸಿಗೇ ಕರಗಿ ಹಿಡಿಯುವ ಅರಗನ್ನೇ ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಸವರಿದರೆ ಫ್ರೆಂಚ್ ಪಾಲಿಶ್ ಆಗುತ್ತದೆ. ಎಲೆಕ್ಟ್ರಿಕ್ ಗಿಟಾರಿಗೆ ಅದು ತಳದ ಪದರವಾಗಿ ಒಳ್ಳೆಯದು. ಮೇಲಿನ ಪದರವಾಗಿ ಬೆವರು, ಬಿಸಿಲು ತಾಳುವುದು ಕಷ್ಟ. ಎನ್‌ಸಿ ಲ್ಯಾಕರ್‌ನ ಶತ್ರು ತೇವ. ಮಳೆಗಾಲದಲ್ಲಿ ಸ್ಪ್ರೇ ಮಾಡಿದರೆ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರಲ್ಲಿ ಸಿಕ್ಕಿಬೀಳುತ್ತದೆ, ಹೊಳಪು ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಊರುಗಳಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ದಿನಗಳನ್ನು ಆರಿಸಿಕೊಳ್ಳುವುದು ಜಾಣತನ. ಲ್ಯಾಕರ್‌ನ ಆವಿ ಶ್ವಾಸಕೋಶಕ್ಕೆ ಕೆಡುಕು, ಬೆಂಕಿಗೆ ಆಹ್ವಾನ; ಮುಚ್ಚಿದ ಕೋಣೆಯಲ್ಲಿ, ಸರಿಯಾದ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು. ಮುಟ್ಟಿದರೆ ಒಂದು ಗಂಟೆಯಲ್ಲಿ ಒಣಗಿದಂತೆ ಕಂಡರೂ ಒಳಗಿನ ಥಿನ್ನರ್ ಹೊರಡಲು ವಾರಗಳು ಬೇಕು. ಅವಸರಪಟ್ಟು ವಾಟರ್ ಪೇಪರ್ ಹಿಡಿದರೆ ಇವತ್ತು ಕನ್ನಡಿಯಾಗಿದ್ದ ಮೈ ಮುಂದಿನ ತಿಂಗಳು ಎಳೆಯೊಳಗೆ ಕುಸಿದಿರುತ್ತದೆ. ಮನೆಯಲ್ಲಿ ಕಟ್ಟಿದ ಗಿಟಾರುಗಳಲ್ಲಿ ಕಾಣುವ ಕೊರತೆ ಬಹುಪಾಲು ಕೌಶಲದ್ದಲ್ಲ, ಕಾಯದೆ ಹೋದದ್ದರದ್ದು.

ತೆಳು ಲ್ಯಾಕರ್ ಹಚ್ಚಿದರೆ ಮರ ‘ಉಸಿರಾಡುತ್ತದೆ’, ಅದರಿಂದ ನಾದ ತೆರೆದುಕೊಳ್ಳುತ್ತದೆ ಎಂಬ ನಂಬಿಕೆ ಗಿಟಾರ್ ಲೋಕದಲ್ಲಿ ಬಲವಾಗಿದೆ. ಅಗ್ಗದ ಕಿಟ್‌ನ ಮರದಿಂದ ಒಳ್ಳೆಯ ನಾದ ಹೊರಡುವುದೇ ಇಲ್ಲ ಎಂಬುದು ಅದರ ಜೊತೆಯ ಆಕ್ಷೇಪ. ಇಲ್ಲಿ ಪಿಕಪ್ ಏನು ಮಾಡುತ್ತದೆ ಎಂಬುದನ್ನು ನೆನಪಿಡಬೇಕು. ಆಯಸ್ಕಾಂತದ ಸುತ್ತ ಕೂದಲಿಗಿಂತ ದಪ್ಪವೇನಲ್ಲದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, 1831ರಲ್ಲಿ ಫ್ಯಾರಡೆ ತೋರಿಸಿದ್ದು ಇದನ್ನೇ. ಅದು ನೋಡುವುದು ತಂತಿಯ ಚಲನೆಯನ್ನು, ಮರದ ದನಿಯನ್ನಲ್ಲ. ಮರದ ಬಿಗಿ, ತೂಕ ತಂತಿಯ ಕಂಪನವನ್ನು ಸ್ವಲ್ಪ ಬದಲಿಸಬಹುದು, ಇಲ್ಲವೆನ್ನಲಾಗದು. ಆದರೆ ಪಿಕಪ್ ಅನ್ನು ತಂತಿಗೆ ಒಂದೆರಡು ಮಿ.ಮೀ. ಹತ್ತಿರ ತಂದಾಗ ಆಗುವ ವ್ಯತ್ಯಾಸದ ಮುಂದೆ ಬಣ್ಣದ ದಪ್ಪದ ಚರ್ಚೆ ಮಂಕಾಗುತ್ತದೆ. ಲ್ಯಾಕರ್ ಮುಖ್ಯವಾಗುವುದು ಕೈಗೆ ಮತ್ತು ಕಣ್ಣಿಗೆ, ಅಷ್ಟಕ್ಕೇ ಅದು ಸಾಕಷ್ಟು ಮುಖ್ಯ. ಕಿಟ್‌ನ ನಿಜವಾದ ದೌರ್ಬಲ್ಯ ಬೇರೆಡೆ ಇದೆ: ಸಡಿಲ ಬಿರಡೆಗಳು, ಅಂಚು ಚುಚ್ಚುವ ಮೆಟ್ಟಿಲುಗಳು, ದಂಡಿಯ ತುದಿಯಲ್ಲಿ ತಂತಿ ಕೂರುವ, ಎತ್ತರ ತಪ್ಪಿದ ಕಚ್ಚುಗಳು. ಇವನ್ನು ಅರದಿಂದ, ತಾಳ್ಮೆಯಿಂದ ಅಥವಾ ಸ್ವಲ್ಪ ಹೆಚ್ಚು ದುಡ್ಡಿನಿಂದ ಸರಿಪಡಿಸಬಹುದು. ತಿರುಚಿಕೊಂಡ ದಂಡಿಯನ್ನು ಮಾತ್ರ ವಾಪಸು ಕಳಿಸುವುದೇ ದಾರಿ. ಹಾಗೆಯೇ ಮೊದಲ ಸಲಕ್ಕೆ ಗಿಬ್ಸನ್ನಿನ ಲೆಸ್ ಪಾಲ್ ಮಾದರಿಯ ಕಿಟ್ ಬೇಡ. ಅಲ್ಲಿ ದಂಡಿಯನ್ನು ಕೋನ ನೋಡಿ ಅಂಟಿಸಬೇಕು, ತಪ್ಪಿದರೆ ಬಿಚ್ಚಲು ಸ್ಕ್ರೂ ಇಲ್ಲ.

ತಂತಿ ಹಾಕಿದ ಮೇಲೂ ವಾದ್ಯ ಸಿದ್ಧವಾಗಿರುವುದಿಲ್ಲ. ಆರು ತಂತಿಗಳ ಒಟ್ಟು ಎಳೆತ ಸುಮಾರು 40 ಕಿಲೋ. ಅದಕ್ಕೆ ದಂಡಿ ಬಾಗುತ್ತದೆ, ಒಳಗಿನ ಉಕ್ಕಿನ ಸರಳನ್ನು ಬಿಗಿದು ಬಾಗನ್ನು ಕಾಲು ಮಿ.ಮೀ. ಆಸುಪಾಸಿಗೆ ತರಬೇಕು. ಆಮೇಲೆ ತಂತಿಯ ಎತ್ತರ, ಕೊನೆಗೆ ಶ್ರುತಿ: ಹನ್ನೆರಡನೇ ಮೆಟ್ಟಿಲಿನ ಮೇಲೆ ಬೆರಳು ತಾಗಿಸಿ ಮೀಟಿದ ಸ್ವರವೂ ಒತ್ತಿ ಮೀಟಿದ ಸ್ವರವೂ ಒಂದಾಗಬೇಕು, ಒತ್ತಿದ್ದು ಏರಿದ್ದರೆ ಕುದುರೆಯಲ್ಲಿ ಆ ತಂತಿ ಕೂರುವ ತುಣುಕನ್ನು ಹಿಂದಕ್ಕೆ ಸರಿಸಬೇಕು. ಯಂತ್ರ ಎಷ್ಟೇ ಕರಾರುವಾಕ್ಕಾಗಿ ಮೆಟ್ಟಿಲು ಕೂರಿಸಿದ್ದರೂ ಈ ಕೊನೆಯ ತಿದ್ದುಪಡಿಯನ್ನು ಕಿವಿಯೇ ಮಾಡಬೇಕು. ಹಾಗಾಗಿ ಗಣಿತವೇ ಎಲ್ಲವನ್ನೂ ತೀರ್ಮಾನಿಸಿದೆ ಎಂದು ಮೇಲೆ ಹೇಳಿದ ಮಾತಿಗೆ ಇಷ್ಟು ವಿನಾಯಿತಿ ಕೊಡಬೇಕಾಗುತ್ತದೆ. ಅಂಗಡಿಯಿಂದ ತಂದ ದುಬಾರಿ ಗಿಟಾರಿಗೂ ಇದು ತಪ್ಪಿದ್ದಲ್ಲ.

ಉಳಿದದ್ದು ದುಡ್ಡಿನ ಪ್ರಶ್ನೆ. ಲ್ಯಾಕರ್, ಕಾಗದ, ಬೆಸುಗೆ ಕಡ್ಡಿ, ಅರ, ಬದಲಿಸಿದ ಬಿರಡೆ ಎಲ್ಲ ಸೇರಿಸಿದರೆ ಕಿಟ್‌ನ ಖರ್ಚು ಅದೇ ಮಟ್ಟದ ಸಿದ್ಧ ಗಿಟಾರಿನ ಬೆಲೆಯನ್ನು ಸುಲಭವಾಗಿ ದಾಟುತ್ತದೆ, ಮಾರಲು ಹೋದರೆ ಕೇಳುವವರಿಲ್ಲ. ಉಳಿತಾಯಕ್ಕೆಂದು ಇದಕ್ಕೆ ಕೈ ಹಾಕುವವರು ಹಾಕದಿರುವುದೇ ಲೇಸು. ಸಿಗುವುದು ಬೇರೆ ಲಾಭ: ಹೀಗೆ ಕಟ್ಟಿದವರಿಗೆ ತಮ್ಮ ಬಳಿಯಿರುವ ಯಾವ ಗಿಟಾರಿನ ತಂತಿ ಬುಸುಗುಟ್ಟಿದರೂ, ಶ್ರುತಿ ಜಾರಿದರೂ ಎಲ್ಲಿ ನೋಡಬೇಕೆಂದು ಗೊತ್ತಿರುತ್ತದೆ. ಆದರೆ ನುಡಿಸುವುದನ್ನು ಈಗಷ್ಟೇ ಕಲಿಯಹೊರಟ ಮಗನಿಗೋ ಮಗಳಿಗೋ ಮೊದಲ ಗಿಟಾರಾಗಿ ಕಿಟ್ ತಂದುಕೊಡಬೇಡಿ. ತಂತಿ ಎತ್ತರವಾಗಿದ್ದು ಬೆರಳು ನೋಯುವಾಗ, ಸ್ವರ ತಪ್ಪುವಾಗ, ದೋಷ ಕೈಯದೋ ವಾದ್ಯದ್ದೋ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಬಹಳಷ್ಟು ಮಂದಿ ಕೈಯದೇ ಎಂದುಕೊಂಡು ಬಿಟ್ಟುಬಿಡುತ್ತಾರೆ. ಚೆನ್ನಾಗಿ ಹೊಂದಿಸಿದ ಒಂದು ಸಾಧಾರಣ ಗಿಟಾರ್‌ನಲ್ಲಿ ವರ್ಷವೆರಡು ಪಳಗಲಿ, ಪೆಟ್ಟಿಗೆ ಆಮೇಲೆ ಬರಲಿ.